ರೂಮಿನ ಫೋನ್ ಕೆಟ್ಟಿಲ್ಲ, ಹೊಸ ನಂಬರ್ ಹೇಳಿಕೊಟ್ಟವರಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಕಾಸರಗೋಡಿನ ಲಾಡ್ಜ್ ಒಂದರ ಬಗ್ಗೆ ಬರೆದಿದ್ದರು. ರೂಮಿನ ಫೋನಿನಿಂದ ಒಂದು ಮೊಬೈಲಿಗೂ ಕಾಲ್ ಹೋಗಲಿಲ್ಲವಂತೆ. ಷೋಗೆ ಇಟ್ಟ ಫೋನು ಅಂತ ಬೈದಿದ್ದಾರೆ. ಅದು ಯಾವ ಲಾಡ್ಜೋ ನನಗೆ ಗೊತ್ತಿಲ್ಲ. ಕಾಯಿಲೆ ಮಾತ್ರ ಗೊತ್ತು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಲಾಡ್ಜು, ಕಲ್ಯಾಣ ಮಂಟಪಗಳ ಇಪಿಎಬಿಎಕ್ಸ್ (ರೂಮಿನ ಫೋನುಗಳನ್ನು ಒಂದಕ್ಕೊಂದು, ಹೊರಗಿನ ಲೈನಿಗೂ ಜೋಡಿಸುವ ಪೆಟ್ಟಿಗೆ) ರಿಪೇರಿ ಮಾಡಿಕೊಂಡೇ ನನ್ನ ತಲೆ ನರೆತದ್ದು.

ಈ ಪೆಟ್ಟಿಗೆಗಳನ್ನು ಕೂರಿಸಿದ ಕಾಲದಲ್ಲಿ ಎಸ್‌ಟಿಡಿ, ಅಂದರೆ ದೂರದ ಊರಿನ ಕಾಲ್, ಅಂದರೆ ದುಡ್ಡು. ಗಿರಾಕಿ ರಾತ್ರಿಯಿಡೀ ಮುಂಬೈಗೆ ಮಾತಾಡಿ ಬೆಳಿಗ್ಗೆ ಬಿಲ್ ಕೊಡದೆ ಹೋದರೆ ಮಾಲೀಕರ ಗತಿ ಏನು? ಅದಕ್ಕೆ ಹೊರಗಿನ ಲೈನ್ ಸಿಕ್ಕಿದ ಮೇಲೆ ಸೊನ್ನೆಯಿಂದ ಶುರುವಾಗುವ ಯಾವ ನಂಬರೂ ರೂಮಿನಿಂದ ಹೋಗದ ಹಾಗೆ ಬೀಗ ಹಾಕಿಡುತ್ತಿದ್ದೆವು. ಆಗ ಇಲ್ಲಿನ ಮೊಬೈಲಿಗೆ ಹತ್ತು ಅಂಕಿ ಒತ್ತಿದರೆ ಸಾಕಿತ್ತು, ತೊಂದರೆ ಇರಲಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಸೇರಿಸಲೇಬೇಕು ಅಂತಾಯಿತು. ಪೆಟ್ಟಿಗೆಗೆ ಅದು ಹೇಗೆ ಗೊತ್ತಾಗಬೇಕು? ಅದು ಇವತ್ತಿಗೂ ಮಾಲೀಕರ ಎಸ್‌ಟಿಡಿ ದುಡ್ಡು ಉಳಿಸುತ್ತಾ ಕೂತಿದೆ.

ಸರಿ ಮಾಡಲು ಒಂದು ಸಂಜೆ ಸಾಕು. ಕಂಪ್ಯೂಟರ್ ಬೇಡ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಂಡಿಯೂರಿ, ಪ್ರೋಗ್ರಾಮಿಂಗ್‌ಗೆ ಇಟ್ಟ ಫೋನ್ ಎತ್ತಿ, ಪಾಸ್‌ವರ್ಡ್ ಒತ್ತಿ, ಕೋಡ್ ಒತ್ತಿ, ರೂಮ್ ನಂಬರ್ ಒತ್ತಿ, ಕಿವಿ ಕೊಟ್ಟು ಕಾಯಬೇಕು. ಸರಿಯಾದರೆ ಒಂದು ಉದ್ದನೆಯ ಬೀಪ್. ತಪ್ಪಾದರೆ ಕುಂಯ್ ಕುಂಯ್. ಪರದೆ ಇಲ್ಲ, ಎಲ್ಲಿ ತಪ್ಪಿದೆ ಅಂತ ಹೇಳುವವರಿಲ್ಲ, ಮೊದಲಿನಿಂದ ಒತ್ತಬೇಕು. 32 ರೂಮಿಗೆ 32 ಸಲ. ಮೊಬೈಲಿಗೆ ಬೇಕಾದ 06, 07, 08, 09 ಹೋಗಲು ಬಿಡಬೇಕು, ವಿದೇಶಕ್ಕೆ ಹೋಗುವ 00 ಮುಚ್ಚಿಯೇ ಇರಲಿ. 08 ಬಿಟ್ಟರೆ ಮಂಗಳೂರಿನ 0824 ಕೂಡ ತೆರೆದುಕೊಳ್ಳುತ್ತದಲ್ಲಾ ಅಂತ ಮಾಲೀಕರೊಬ್ಬರು ಗಾಬರಿಯಾದರು. ತೆರೆದುಕೊಳ್ಳಲಿ ಬಿಡಿ, ಈಗ ಎಸ್‌ಟಿಡಿಗೆ ಯಾರು ಮೀಟರ್ ನೋಡುತ್ತಾರೆ ಅಂದೆ.

ಹಾಗಾದರೆ ಹಳೇ ಪೆಟ್ಟಿಗೆಗೆ ಏನೂ ಆಗುವುದಿಲ್ಲವೇ ಅಂದರೆ, ಆಗುತ್ತದೆ. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಕಾರ್ಡಿನ ಮೇಲೆ ಒಂದು ಪುಟ್ಟ ಬ್ಯಾಟರಿ ಇದೆ. ಕರೆಂಟ್ ಹೋದಾಗ ಪ್ರೋಗ್ರಾಂ ಮರೆಯದಂತೆ ಕಾಪಾಡುವುದು ಅದು. ವಯಸ್ಸಾದರೆ ಹಸಿರು ಹಸಿರಾಗಿ ಸೋರಿ ಸುತ್ತಲಿನ ತಾಮ್ರ ತಿನ್ನುತ್ತದೆ. ಬ್ಯಾಟರಿ ಬದಲಿಸಿ ಅಂತ ಒಂದು ಲಾಡ್ಜಿನಲ್ಲಿ ಎರಡು ಸಲ ಹೇಳಿ ಬಂದಿದ್ದೆ. ಕೇಳಲಿಲ್ಲ. ಮಳೆಗಾಲದ ಆಟಿ ತಿಂಗಳ ಒಂದು ರಾತ್ರಿ ಕರೆಂಟ್ ಹೋಯಿತು, ಇನ್ವರ್ಟರೂ ಮಲಗಿತು. ಬೆಳಿಗ್ಗೆ ಕರೆಂಟ್ ಬಂದಾಗ ಪೆಟ್ಟಿಗೆ ಫ್ಯಾಕ್ಟರಿಯಿಂದ ಬಂದ ದಿನದ ಹಾಗೆ, ಎಲ್ಲಾ ಮರೆತು ಕೂತಿತ್ತು. ಅದರ ಲೆಕ್ಕದಲ್ಲಿ ರಿಸೆಪ್ಶನ್ ಬೇಕೆಂದು 9 ಒತ್ತಿದರೆ ಮೊದಲನೇ ಪೋರ್ಟಿಗೆ (ಫೋನಿನ ತಂತಿ ಸಿಕ್ಕಿಸುವ ಜಾಗಕ್ಕೆ) ರಿಂಗ್. ಆ ಪೋರ್ಟ್ ಹೋದದ್ದು 107ನೇ ರೂಮಿಗೆ. ಅಲ್ಲಿ ಮಧೂರು ದೇವಸ್ಥಾನಕ್ಕೆ ಬಂದ ಹಿರಿಯರೊಬ್ಬರಿದ್ದರು. ಆರು ಗಂಟೆಯಿಂದ ಅವರಿಗೆ ಒಂದೇ ಸಮ ಫೋನ್. ಎರಡು ಚಾ, ಒಂದು ಪ್ಲೇಟ್ ಬನ್ಸ್. ಬಿಸಿನೀರು ಬರ್ತಿಲ್ಲ. ನಾನು ಹೋಗುವಷ್ಟರಲ್ಲಿ ಅವರು ಪಾಪ, ಎಲ್ಲಾ ಆರ್ಡರನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು ರಿಸೆಪ್ಶನ್‌ಗೆ ಕೊಟ್ಟಿದ್ದರು!

ಅವತ್ತು ನನ್ನ ಬಳಿಯ ಹಳೇ ನೋಟ್‌ಬುಕ್ ಇಲ್ಲದಿದ್ದರೆ ಆ ಲಾಡ್ಜಿಗೆ ದಾರಿಯೇ ಇರಲಿಲ್ಲ. ಯಾವ ಪೋರ್ಟಿಗೆ ಯಾವ ರೂಮು, ಯಾವ ಕೋಡು, ಎಲ್ಲಾ ಕನ್ನಡದಲ್ಲಿ ಬರೆದಿಟ್ಟಿದ್ದೆ. ಮಾಲೀಕರೇ, ನಿಮ್ಮ ಮೆಕ್ಯಾನಿಕ್ ಬದುಕಿರುವಾಗಲೇ ಅದರ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ.

ಆದರೆ ನಾನು ಬರೆಯಲು ಕೂತದ್ದು ಇದಕ್ಕೂ ಅಲ್ಲ. ನೋಟ್‌ಬುಕ್ ನೋಡಿ ರೂಮ್ ನಂಬರ್‌ಗಳನ್ನು ಮತ್ತೆ ತುಂಬಿಸುತ್ತಿದ್ದೆ. 110, 111 ಆಯಿತು. 112 ಒತ್ತುವಾಗ ಕೈ ನಿಂತಿತು. ಪೊಲೀಸ್, ಆಂಬುಲೆನ್ಸ್, ಬೆಂಕಿ ಎಲ್ಲದಕ್ಕೂ ಈಗ 112 ತಾನೇ? ಈ ಲಾಡ್ಜಿನಲ್ಲಿ ಯಾರಾದರೂ ಎದೆನೋವು ಅಂತ 112 ಒತ್ತಿದರೆ ಮೊದಲ ಮಹಡಿಯ 112ನೇ ರೂಮಿನವರು ನಿದ್ದೆಯಿಂದ ಎದ್ದು ಹಲೋ ಅನ್ನುತ್ತಾರೆ. ಹೊರಗಿನ 112 ಬೇಕಾದರೆ ಮೊದಲು ಸೊನ್ನೆ ಒತ್ತಿ ಲೈನ್ ಹಿಡಿಯಬೇಕು. ಆ ಹೊತ್ತಿನಲ್ಲಿ ಅದು ಯಾರಿಗೆ ನೆನಪಾಗುತ್ತದೆ?

ಸುಮ್ನೆ ಹೆದರಿಸುತ್ತಿಲ್ಲ. 2013ರಲ್ಲಿ ಅಮೆರಿಕದ ಟೆಕ್ಸಾಸಿನ ಒಂದು ಮೋಟೆಲ್‌ನಲ್ಲಿ ತಾಯಿಯ ಮೇಲೆ ಹಲ್ಲೆ ಆಗುವಾಗ ಒಂಬತ್ತು ವರ್ಷದ ಮಗಳು ನಾಲ್ಕು ಸಲ ಅಲ್ಲಿನ ತುರ್ತು ನಂಬರ್ 911 ಒತ್ತಿದಳು. ಮೊದಲು ಒಂದು 9 ಜಾಸ್ತಿ ಒತ್ತಬೇಕು ಅಂತ ಮಗುವಿಗೆ ಗೊತ್ತಿರಲಿಲ್ಲ. ತಾಯಿ ಉಳಿಯಲಿಲ್ಲ. 911 ಒತ್ತಿದರೆ ನೇರ ಹೋಗಬೇಕು ಅಂತ ಆ ತಾಯಿಯ ಹೆಸರಿನಲ್ಲೇ 2018ರಲ್ಲಿ ಅಲ್ಲಿ ಕಾನೂನು ಬಂತು.

ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲಾ ಅನ್ನಬಹುದು. ಇದೆ, ಚಾರ್ಜ್ ಇದ್ದರೆ. ಅದೂ ಅಲ್ಲದೆ ವಿಜಯಪುರದಿಂದ ಬಂದ ಅಜ್ಜಿ ಇಲ್ಲಿಂದ 112 ಒತ್ತಿದರೆ ಆ ಕಡೆ ಮಲಯಾಳ. ತಾನು ಯಾವ ರಸ್ತೆಯ ಯಾವ ಲಾಡ್ಜಿನಲ್ಲಿದ್ದೇನೆ ಅಂತ ಅಜ್ಜಿ ಹೇಗೆ ಹೇಳಬೇಕು? ಕೌಂಟರಿನ ಹುಡುಗನಿಗೆ ಎರಡೂ ಭಾಷೆ ಬರುತ್ತದೆ, ವಿಳಾಸವೂ ಗೊತ್ತು.

ತುರ್ತು ನಂಬರನ್ನು ನೇರ ಹೊರಗೆ ಕಳಿಸುವ ವಿದ್ಯೆ ಆ ಪೆಟ್ಟಿಗೆಗೆ ಬರುವುದಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟು. 112ನೇ ರೂಮಿನ ಎಕ್ಸ್‌ಟೆನ್ಶನ್ ನಂಬರನ್ನು 512 ಮಾಡಿದೆ. ಖಾಲಿ ಇದ್ದ ಒಂದು ಪೋರ್ಟಿಗೆ 112 ಕೊಟ್ಟು, ಅದಕ್ಕೆ ಗುಜರಿಯಲ್ಲಿ ಸಿಕ್ಕಿದ ಕೆಂಪು ಫೋನ್ ಸಿಕ್ಕಿಸಿ ಕೌಂಟರಿನಲ್ಲಿಟ್ಟೆ. ಅದು ರಿಂಗಾದರೆ ಚಾ ಆರ್ಡರ್ ಅಲ್ಲ ಅಂತ ಹುಡುಗನಿಗೆ ಗೊತ್ತು. ಪಕ್ಕದ ನೇರ ಲೈನಿನಿಂದ ಅವನು ಹೊರಗಿನ 112ಕ್ಕೆ ಮಾಡುತ್ತಾನೆ. ಖರ್ಚು ನೂರೈವತ್ತು ರೂಪಾಯಿ, ಬಸ್ ಚಾರ್ಜ್ ಸೇರಿ.

ಇನ್ನು ಬಾಕಿ ಇರುವುದು ಪ್ರತಿ ರೂಮಿನ ಬಾಗಿಲ ಹಿಂದೆ ಅಂಟಿಸಬೇಕಾದ ಚೀಟಿ. ರಿಸೆಪ್ಶನ್ 9, ತುರ್ತಿಗೆ 112, ಕನ್ನಡ ಮತ್ತು ಮಲಯಾಳದಲ್ಲಿ. ನಾಳೆ ಪ್ರಿಂಟ್ ಮಾಡಿಸ್ತೇನೆ ಅಂತ ಮಾಲೀಕರು ಮೂರು ತಿಂಗಳಿಂದ ಹೇಳುತ್ತಿದ್ದಾರೆ. ಅವರು ನಿಮ್ಮ ಪತ್ರಿಕೆಯನ್ನು ದಿನಾ ಓದುತ್ತಾರೆ. ಅದಕ್ಕೇ ಇಲ್ಲಿ ಬರೆದೆ.

— ಒಬ್ಬ ಟೆಲಿಫೋನ್ ಮೆಕ್ಯಾನಿಕ್, ಕಾಸರಗೋಡು