ಸನ್ಮಾನ ಸಾಕು, ಮಕ್ಕಳನ್ನು ಕುಣಿಯಲು ಬಿಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಹುಬ್ಬಳ್ಳಿಯಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳ ತಂಡವೊಂದು 1858ರ ನರಗುಂದ ಬಂಡಾಯದ ಮೇಲೆ ಹೊಸ ಬ್ಯಾಲೆ ಆಡಿತು. ಕಥೆ, ಹಾಡು, ಹೆಜ್ಜೆ ಎಲ್ಲಾ ಮಕ್ಕಳು ಮತ್ತು ಅವರ ಟೀಚರ್ ಸೇರಿ ಕಟ್ಟಿದ್ದು. ತುಂಬಾ ಚೆನ್ನಾಗಿತ್ತು. ಆದರೆ ಅದರ ಕೊನೆಯ ದೃಶ್ಯ ನೋಡುವ ಭಾಗ್ಯ ನಮಗೆ ಬರಲಿಲ್ಲ, ಯಾಕಂದ್ರೆ ಆಟಕ್ಕೂ ಮುಂಚೆ ವೇದಿಕೆ ಕಾರ್ಯಕ್ರಮ ಇತ್ತು!

ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6 ಗಂಟೆ ಅಂತ ಹಾಕಿದ್ದರು. ಕುಣಿತ ಶುರುವಾಗಿದ್ದು ಹತ್ತಿರ ಹತ್ತಿರ 8ಕ್ಕೆ. ನಡುವೆ ದೀಪ ಬೆಳಗಿದ್ದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಮತ್ತೆ ಫೋಟೊ, ಫೋಟೊ ಸರಿ ಬರಲಿಲ್ಲ ಅಂತ ಇನ್ನೊಂದು ಫೋಟೊ. 'ಮಕ್ಕಳು ಕಾಯ್ತಾ ಇದ್ದಾರೆ, ನಾನು ಹೆಚ್ಚು ಮಾತಾಡೋದಿಲ್ಲ' ಎಂದು ಮೈಕ್ ಹಿಡಿದವರೇ ಎಲ್ಲರಿಗಿಂತ ಜಾಸ್ತಿ ಮಾತಾಡಿದರು. ಆಮೇಲೆ 'ಬೇರೆ ಕಾರ್ಯಕ್ರಮ ಇದೆ' ಎಂದು ಎದ್ದು ಹೊರಟರು, ಅವರ ಹಿಂದೆ ಮುಂದಿನ ಎರಡು ಸಾಲು ಪೂರ್ತಿ ಖಾಲಿ. ಮಕ್ಕಳು ಇನ್ನೂ ಒಂದು ಹೆಜ್ಜೆನೂ ಹಾಕಿರಲಿಲ್ಲ.

ಅಷ್ಟು ಹೊತ್ತೂ ಅವು ಸೈಡ್‌ವಿಂಗಿನಲ್ಲಿ ಗೆಜ್ಜೆ ಕಟ್ಟಿಕೊಂಡು ನಿಂತಿದ್ದವು. ನನಗೆ ಪಕ್ಕದ ಸೀಟು ಸಿಕ್ಕಿತ್ತು, ಅಲ್ಲಿಂದ ಎಲ್ಲಾ ಕಾಣುತ್ತಿತ್ತು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಪಾತ್ರದ ಹುಡುಗನಿಗೆ ಅಂಟಿಸಿದ ಮೀಸೆ ಬೆವರಿಗೆ ಒಂದು ಕಡೆ ಬಿಟ್ಟು ಹೋಗಿತ್ತು, ಯಾರದೋ ತಾಯಿ ಸೆರಗಿನಿಂದ ಮುಖ ಒರೆಸಿ ಮತ್ತೆ ಅಂಟಿಸುತ್ತಿದ್ದರು. ಊಟ ಮಾಡಿದರೆ ಕುಣಿಯೋಕೆ ಆಗಲ್ಲ ಅಂತ ಸಣ್ಣ ಹುಡುಗಿಯರು ಮಧ್ಯಾಹ್ನದಿಂದ ಬರೀ ಬಿಸ್ಕತ್ತು ತಿಂದಿದ್ದರಂತೆ.

ಇನ್ನು ಆಟದ ವಿಷಯ. ನರಗುಂದ ಅಂದ್ರೆ ನಮಗೆಲ್ಲ ಮೊದಲು ನೆನಪಾಗುವುದು 1980ರ ರೈತರ ಬಂಡಾಯ. ಅದಕ್ಕೂ 122 ವರ್ಷ ಮುಂಚೆ ಅದೇ ಊರಲ್ಲಿ ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆ ಬ್ರಿಟಿಷರ ಮೇಲೆ ಎದ್ದಿದ್ದ. ಗಾದಿಗೆ ವಾರಸುದಾರ ಇರಲಿಲ್ಲ, ದತ್ತು ತೆಗೆದುಕೊಳ್ಳಲು ಬ್ರಿಟಿಷರು ಒಪ್ಪಲಿಲ್ಲ. ಅದರ ಮೇಲೆ ಆಯುಧಗಳನ್ನು ಒಪ್ಪಿಸಿ ಅನ್ನುವ ಕಾಯ್ದೆ ಬೇರೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬೀಡು ಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ರುಂಡವನ್ನು ನರಗುಂದದ ಅಗಸಿಗೆ ಕಟ್ಟಿದರು. ನಾಲ್ಕೈದು ದಿನದಲ್ಲಿ ಕೋಟೆ ಬಿತ್ತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು. ಅವನ ತಾಯಿ, ಹೆಂಡತಿ ಇಬ್ಬರೂ ಮಲಪ್ರಭೆಗೆ ಹಾರಿದರು ಅಂತ ನಮ್ಮ ಕಡೆ ಹೇಳುತ್ತಾರೆ.

ಮಕ್ಕಳು ರುಂಡದ ಗೊಡವೆಗೆ ಹೋಗಲಿಲ್ಲ, ಜಾಣತನ ಮಾಡಿದರು. ಅವರ ಜೀವಾಳ ಇದ್ದಿದ್ದು ಆಯುಧ ಒಪ್ಪಿಸುವ ದೃಶ್ಯದಲ್ಲಿ. ಒಬ್ಬೊಬ್ಬರಾಗಿ ಬಂದು ಕತ್ತಿ, ಭರ್ಚಿ, ಕುಡಗೋಲು ರಂಗದ ನಡುವೆ ಇಡುತ್ತಾರೆ. ಒಬ್ಬರು ಇಟ್ಟಾಗೊಮ್ಮೆ ತಾಳ ಒಂಚೂರು ನಿಧಾನ ಆಗುತ್ತದೆ. ಕೊನೆಗೆ ಮುದುಕನ ವೇಷದ ಹುಡುಗಿ ಬರುತ್ತಾಳೆ. ಕೊಡಲಿ ಇಡಲು ಬಾಗುತ್ತಾಳೆ, ಇಡುವುದಿಲ್ಲ, ಮತ್ತೆ ಬಾಗುತ್ತಾಳೆ, ಮಂಡಿ ಅರೆಮಂಡಿಯಲ್ಲೇ ನಡುಗುತ್ತದೆ, ಗೆಜ್ಜೆ ಮಾತ್ರ ಸಣ್ಣಗೆ ಕೇಳುತ್ತದೆ. ಹತ್ತನೇ ತರಗತಿಯಲ್ಲಿ ಹಲಗಲಿ ಬೇಡರ ಲಾವಣಿಯನ್ನು ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳು ಸಭೆಯಲ್ಲಿದ್ದರು. ಅದೇ ಕಾಯ್ದೆ, ಅದೇ ಸಿಟ್ಟು. ನನ್ನ ಪಕ್ಕದ ಹುಡುಗ ಮೊಬೈಲ್ ಕೆಳಗಿಟ್ಟು ನೋಡಿದ, ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಾ?

ಕೊರತೆ ಇರಲಿಲ್ಲ ಅಂತಲ್ಲ. ಬ್ರಿಟಿಷರು ಬಂದಾಗಲೆಲ್ಲ ಸರ್ಕಸ್ಸಿನ ಜೋಕರ್ ಥರ ಕುಣಿದರು, ಅದು ಬೇಡವಾಗಿತ್ತು, ಎದುರಾಳಿ ಜೋಕರ್ ಆದರೆ ಬಾಬಾಸಾಹೇಬನ ಧೈರ್ಯಕ್ಕೆ ಏನು ಬೆಲೆ? ಸಂಗೀತ ಪೂರ್ತಿ ರೆಕಾರ್ಡಿಂಗ್. ಹುಬ್ಬಳ್ಳಿ-ಧಾರವಾಡದಲ್ಲಿ ಹಾಡುವವರಿಗೆ, ತಬಲಾ ನುಡಿಸುವವರಿಗೆ ಬರವಾ? ಹೋಳಿ ಬಂದರೆ ಓಣಿ ಓಣಿಯಲ್ಲಿ ಜಗ್ಗಲಿಗೆ ಬಾರಿಸುವ ಊರು ಇದು. ಬಂಡಾಯದ ದೃಶ್ಯಕ್ಕೆ ನಾಲ್ಕು ಜಗ್ಗಲಿಗೆ ತಂದಿದ್ದರೆ ಸಾಕಿತ್ತು. ಕೇಳಿದರೆ ದುಡ್ಡಿಲ್ಲ ಅಂದರು. ಹಾಲ್ ಬಾಡಿಗೆ, ಲೈಟು, ಡ್ರೆಸ್ಸು, ಎಲ್ಲಾ ಪಾಲಕರು ಪಟ್ಟಿ ಹಾಕಿ ಕೊಟ್ಟಿದ್ದು. ಆದರೆ ಶಾಲು-ಹಾರಕ್ಕೆ ಮಾತ್ರ ದುಡ್ಡಿತ್ತು ನೋಡಿ.

ಸರಿ, ಒಂಬತ್ತೂವರೆಗೆ ಹಾಲಿನವರು ಬಂದು ಟೈಮ್ ಆಯ್ತು ಅಂದರು. ಅವರನ್ನೂ ಬೈಯುವಂತಿಲ್ಲ, ಅವರ ಡ್ಯೂಟಿ. ಬೆಳಗಾವಿಯ ದೃಶ್ಯ ಪೂರ್ತಿ ಕತ್ತರಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾಡಗೀತೆ ಹಾಡಿಸಿ ಮುಗಿಸಿದರು. ಬಾಬಾಸಾಹೇಬನ ಪಾತ್ರದ ಹುಡುಗ ಗಲ್ಲಿನ ದೃಶ್ಯಕ್ಕೆಂದೇ ಬಿಳಿ ಧೋತರ ಉಟ್ಟು ತಯಾರಾಗಿ ನಿಂತಿದ್ದ, ಹಾಗೇ ಬಂದು ಸಾಲಿನಲ್ಲಿ ಸೇರಿಕೊಂಡ.

ಸಂಘಟಕರ ಮೇಲೆ ನನಗೆ ಹಗೆ ಇಲ್ಲ. ನಾಲ್ಕು ದೊಡ್ಡವರನ್ನು ಕರೆಯದಿದ್ದರೆ ಮುಂದಿನ ಸಲ ಸಹಾಯ ಸಿಗಲ್ಲ ಅನ್ನುವ ಅವರ ಸಂಕಟವೂ ಗೊತ್ತು. ಹಾಗಾದರೆ ಸನ್ಮಾನವನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಲಿ. ಮಕ್ಕಳ ಆಟ ಕುಳಿತು ನೋಡಿದವರಿಗೆ ಮಾತ್ರ ಶಾಲು. ಇಲ್ಲಾಂದ್ರೆ ಬೆಳಿಗ್ಗೆನೇ ಬೇರೆ ಸಭೆ ಮಾಡಿ ಎಷ್ಟು ಬೇಕಾದರೂ ಹೊದಿಸಲಿ, ನಮ್ಮದೇನೂ ತಕರಾರಿಲ್ಲ.

ಇನ್ನೊಂದು ಮಾತು. ತಿಂಗಳುಗಟ್ಟಲೆ ತಾಲೀಮು ಮಾಡಿದ ಆಟ ಒಂದೇ ರಾತ್ರಿಗೆ ಮುಗಿಯಬಾರದು. ಕಂಪನಿ ನಾಟಕದ ಕಾಲದಲ್ಲಿ ಒಂದೇ ನಾಟಕ ಊರೂರು ತಿರುಗಿ ಹದವಾಗುತ್ತಿತ್ತು. ಗದಗ, ಹಾವೇರಿ, ರಾಮದುರ್ಗ ಯಾವುದೂ ದೂರ ಇಲ್ಲ, ನರಗುಂದಕ್ಕಂತೂ ಇಲ್ಲಿಂದ ನೇರ ಬಸ್ಸಿದೆ. ಪಾಲಿಕೆಯವರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಶಾಲಾ ಮಕ್ಕಳ ತಂಡಗಳಿಗೆ ಹಾಲ್ ಬಾಡಿಗೆ ಬಿಟ್ಟುಕೊಟ್ಟರೆ, ಒಂದು ಬಸ್ಸಿನ ಖರ್ಚು ಕೊಟ್ಟರೆ ಅಷ್ಟೇ ಸಾಕು. ಮುಂದಿನ ಜೂನ್ 12ಕ್ಕೆ ಈ ಆಟ ನರಗುಂದದಲ್ಲಿ, ಆ ಕೋಟೆ ಗುಡ್ಡದ ಕೆಳಗೇ ಆಗಲಿ. ಬೆಳಗಾವಿಯ ದೃಶ್ಯವೂ ಸೇರಿ, ಪೂರ್ತಿ.

— ಒಬ್ಬ ಪ್ರೇಕ್ಷಕ, ವಿದ್ಯಾನಗರ, ಹುಬ್ಬಳ್ಳಿ