ಕನ್ನಡಕ ಮರೆತು ಬಂದವರು

ಪ್ರೀತಿಯ ಮಗಳೇ,

ಮೊನ್ನೆ ಪರೀಕ್ಷೆ ಹೇಗಾಯ್ತು ಅಂತ ಕೇಳಿದ್ದಕ್ಕೆ "ನಾನು ಓದಲೇ ಇಲ್ಲಮ್ಮ, ಬಂದಷ್ಟು ಬರಲಿ" ಅಂದೆಯಲ್ಲ, ಆ ಮಾತು ತಲೆಯಿಂದ ಹೋಗುತ್ತಿಲ್ಲ. ನೀನು ಓದದೆ ಕೂರುವವಳಲ್ಲ. ಹತ್ತನೇ ಕ್ಲಾಸಿನವರೆಗೆ ಇಲ್ಲೇ ಕಾಸರಗೋಡಿನಲ್ಲಿ ಕನ್ನಡದಲ್ಲಿ ಓದಿದವಳು ಈಗ ಎರ್ನಾಕುಳಂನಲ್ಲಿ, ಪಾಠವೆಲ್ಲ ಇಂಗ್ಲಿಷಿನಲ್ಲಿ, ಹರಟೆಯೆಲ್ಲ ಮಲಯಾಳದಲ್ಲಿ ನಡೆಯುವ ಕ್ಲಾಸಿನಲ್ಲಿ ಕೂತಿದ್ದೀ. ಹೆದರಿಕೆ ಆಗದೆ ಇರುತ್ತದಾ? ಆದರೆ ಹೆದರಿಕೆ ಆಗುತ್ತದೆ ಅಂತ ನೀನು ಹೇಳಲಿಲ್ಲ. ಓದಲಿಲ್ಲ ಅಂದೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ "ಆಯ್ತಮ್ಮ, ಆಯ್ತಮ್ಮ" ಅಂತ ಇಟ್ಟುಬಿಡುತ್ತೀ.

ನನ್ನ ಹಾಗೆ ಸರ್ಕಾರಿ ಅರ್ಜಿ, ಕಾಗದಪತ್ರದ ಕೆಲಸ ಮಾಡಿಕೊಡುತ್ತ ಅಕ್ಷಯ ಕೇಂದ್ರದಲ್ಲಿ ಕೂತವರಿಗೆ ಜನ ಎಂತ ಮುಚ್ಚಿಡುತ್ತಾರೆ ಅಂತ ಬೇಗ ಗೊತ್ತಾಗುತ್ತದೆ. ನಮ್ಮ ಕಡೆಯ ಅಜ್ಜಂದಿರು ಯಾವುದಾದರೂ ನೋಟೀಸು ಹಿಡಿದುಕೊಂಡು ಬರುತ್ತಾರೆ. ಕೌಂಟರಿನ ಎದುರು ನಿಂತು ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. "ಕನ್ನಡಕ ಮನೆಯಲ್ಲೇ ಮರೆತು ಬಂದೆ ಮಗಾ, ಎಂತ ಬರೆದಿದ್ದಾರೆ ಅಂತ ಸ್ವಲ್ಪ ಓದಿ ಹೇಳು." ನಾನು ಓದಿ ಹೇಳುತ್ತೇನೆ. ಪ್ರಿಂಟ್ ಬರುವವರೆಗೆ ಅವರು ಅಲ್ಲೇ ಬೆಂಚಿನಲ್ಲಿ ಕೂತು, ಮೇಜಿನ ಮೇಲಿದ್ದ ಕನ್ನಡ ಪೇಪರ್ ಎತ್ತಿಕೊಂಡು, ಸಣ್ಣಕ್ಷರದ ಸುದ್ದಿಯನ್ನೂ ಒಂದೂ ತಡವರಿಸದೆ ಓದುತ್ತಾರೆ. ಕನ್ನಡಕ ಇಲ್ಲದೆಯೇ. ನೋಟೀಸು ಮಲಯಾಳದಲ್ಲಿತ್ತು, ಅಷ್ಟೇ.

ಅವರಲ್ಲೊಬ್ಬರು ತಾಳಮದ್ದಳೆಯ ಅರ್ಥಧಾರಿ. ಕೃಷ್ಣನ ಅರ್ಥ ಹೇಳಲು ಕೂತರೆ ಎದುರಿನ ಕೌರವ ಮಾತಿಗೆ ತಡಕಾಡಬೇಕು. ಅಂಥವರು ನನ್ನ ಕೌಂಟರಿನ ಎದುರು, ಹಿಂದೆ ಕ್ಯೂನಲ್ಲಿ ನಿಂತ ಇಪ್ಪತ್ತು ವರ್ಷದ ಹುಡುಗರ ಮುಂದೆ, ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಇಷ್ಟು ವರ್ಷ ಕೇರಳದಲ್ಲಿದ್ದು ಮಲಯಾಳ ಓದಲು ಬಾರದಾ ಅಂತ ಯಾರಾದರೂ ಅಂದಾರು ಎಂಬ ಭಯ. ಅವರು ಹುಟ್ಟುವಾಗ ಈ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳವಾಯಿತು. ಅವರು ಕಲಿತ ಶಾಲೆ ಕನ್ನಡದ್ದು, ಮನೆಮಾತು ತುಳು. ಇದರಲ್ಲಿ ಅವರ ತಪ್ಪು ಎಂತ ಉಂಟು ಹೇಳು? ಕನ್ನಡದಲ್ಲೇ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೆ ಕೇರಳದ ಕಾನೂನಿನಲ್ಲೇ ಉಂಟು. ಆದರೂ ನಾಚಿಕೆ ಪಡುವವರು ಅವರೇ. ಇದು ನನಗೆ ತುಂಬ ಬೇಸರದ ವಿಷಯ. ನಮ್ಮ ಕೈಯಲ್ಲಿಲ್ಲದ್ದಕ್ಕೇ ನಾವು ಜಾಸ್ತಿ ನಾಚುತ್ತೇವೆ. ಬಣ್ಣ, ಕುಲ, ಅಪ್ಪನ ಕೆಲಸ, ಬಾರದ ಭಾಷೆ.

ಅಜ್ಜನಿಗೆ ತಾನು ಮುಚ್ಚಿಡುತ್ತಿದ್ದೇನೆ ಅಂತ ಗೊತ್ತುಂಟು. ನಿನ್ನದು ಹಾಗಲ್ಲ. "ಓದಲಿಲ್ಲ" ಅಂತ ನನಗೆ ಹೇಳುವಾಗ ನೀನೂ ಅದನ್ನು ನಂಬಿಕೊಂಡಿರುತ್ತೀ. ಬೇರೆಯವರಿಂದ ಮುಚ್ಚಿಡುವುದಕ್ಕಿಂತ ನನಗೆ ಇದೇ ಜಾಸ್ತಿ ಹೆದರಿಕೆ.

ಬಿ.ಎಡ್. ಮಾಡುವಾಗ ಓದಿದ ಒಂದು ಪ್ರಯೋಗ ನೆನಪಾಗುತ್ತದೆ. ಅಮೆರಿಕದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ 1978ರಲ್ಲಿ ಪ್ರಕಟಿಸಿದ್ದು. ಕಾಲೇಜಿನ ಮಕ್ಕಳಿಗೆ ಒಂದಷ್ಟು ಪ್ರಶ್ನೆ ಕೊಟ್ಟರು. ಕೆಲವರಿಗೆ ಬಿಡಿಸಲು ಆಗುವಂಥವು, ಇನ್ನು ಕೆಲವರಿಗೆ ಸರಿಯುತ್ತರವೇ ಇಲ್ಲದಂಥವು. ಎರಡೂ ಗುಂಪಿಗೆ "ತುಂಬ ಚೆನ್ನಾಗಿ ಮಾಡಿದ್ದೀರಿ" ಅಂದರು. ಆಮೇಲೆ ಇನ್ನೊಂದು ಪರೀಕ್ಷೆ ಉಂಟು, ಅದಕ್ಕೆ ಮೊದಲು ಎರಡು ಔಷಧಿಯಲ್ಲಿ ಒಂದನ್ನು ಆರಿಸಿಕೊಳ್ಳಿ, ಒಂದು ಬುದ್ಧಿ ಚುರುಕು ಮಾಡುತ್ತದೆ, ಇನ್ನೊಂದು ಮಂಕು ಮಾಡುತ್ತದೆ ಅಂತ ಹೇಳಿದರು. ಉತ್ತರವಿಲ್ಲದ ಪ್ರಶ್ನೆಗೆ ಶಭಾಷ್ ಅನ್ನಿಸಿಕೊಂಡ ಹುಡುಗರಲ್ಲಿ ಹೆಚ್ಚಿನವರು ಮಂಕು ಮಾಡುವ ಔಷಧಿಯನ್ನೇ ಕೇಳಿದರು. ಹುಡುಗಿಯರಲ್ಲಿ ಅದು ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲವಂತೆ.

ಯಾಕೆ ಹಾಗೆ? ಹೇಗೆ ಗೆದ್ದೆವು ಅಂತ ಅವರಿಗೇ ಗೊತ್ತಿಲ್ಲ. ಇನ್ನೊಮ್ಮೆ ಗೆಲ್ಲುವ ಧೈರ್ಯ ಇಲ್ಲ. ಸೋತರೆ ತಾನು ದಡ್ಡ ಅಂತ ಆಗಬಾರದು, ಔಷಧಿಯಿಂದ ಹಾಗಾಯ್ತು ಅಂತ ಆಗಬೇಕು. ಪ್ಲಸ್ ಟುವಿನಲ್ಲಿ ನಿನಗೆ ಫುಲ್ ಎ ಪ್ಲಸ್ ಬಂದಾಗ ಪೇಟೆಯಲ್ಲಿ ಫ್ಲೆಕ್ಸ್ ಹಾಕಿದರು, ಕ್ಲಬ್ಬಿನವರು ಶಾಲು ಹೊದೆಸಿ ಮೊಮೆಂಟೋ ಕೊಟ್ಟರು, ಮಾವ ಅದನ್ನು ಸ್ಟೇಟಸ್ ಹಾಕಿದರು. ಆ ಫ್ಲೆಕ್ಸಿನ ಹುಡುಗಿಗೆ ಈಗ ಮೊದಲನೇ ಸೆಮಿಸ್ಟರಿನ ಗಣಿತ ಅರ್ಥವಾಗುತ್ತಿಲ್ಲ. ರಾತ್ರಿಯಿಡೀ ಓದಿ ಮಾರ್ಕ್ ಕಮ್ಮಿ ಬಂದರೆ ಆಮೇಲೆ ಹೇಳಲು ಎಂತ ಉಳಿಯುತ್ತದೆ? ಅದಕ್ಕೇ ಮೊದಲೇ "ಓದಲಿಲ್ಲ" ಅಂದುಬಿಟ್ಟೆ. ಬರಬರುತ್ತಾ ಆ ಮಾತನ್ನು ಸತ್ಯ ಮಾಡುವುದಕ್ಕೆ ನಿಜವಾಗಿಯೂ ಓದುವುದನ್ನು ಬಿಡುತ್ತೀಯಾ ಅನ್ನುವುದೇ ನನ್ನ ಚಿಂತೆ, ಮಾರಾಯ್ತಿ. ಮಾರ್ಕ್ ಬಗ್ಗೆ ನನಗೆ ಚಿಂತೆ ಇಲ್ಲ.

ರೂಮಿನ ಹುಡುಗಿಯರನ್ನು ಜಂಬದವರು ಅಂತ ನೀನು ಹೇಳಿದ್ದೆ. ಇರಬಹುದು. ಅವರಿಗೂ ಅವರದ್ದೇ ಹೆದರಿಕೆ ಇರಬಹುದು, ಮೂಲೆಯಲ್ಲಿ ಸುಮ್ಮನೆ ಕೂರುವ ನಿನ್ನನ್ನು ನೋಡಿ ಇವಳಿಗೇ ಜಂಬ ಅಂದುಕೊಂಡಿರಲೂಬಹುದು.

ನೀನು ಮಲಯಾಳ ತಪ್ಪು ಮಾತಾಡಿದ್ದನ್ನು ಇಡೀ ಕ್ಲಾಸು ನೆನಪಿಟ್ಟುಕೊಂಡಿದೆ ಅಂದೆಯಲ್ಲ, ಹಾಗೇನೂ ಇರಲಿಕ್ಕಿಲ್ಲ. ಥಾಮಸ್ ಗಿಲೋವಿಚ್ ಅನ್ನುವವರು, ಇವರೂ ಅಮೆರಿಕದವರೇ, ವಿದ್ಯಾರ್ಥಿಯೊಬ್ಬನಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿ ಜನ ಕೂತ ಕೋಣೆಗೆ ಕಳಿಸುತ್ತಿದ್ದರು. ಎಷ್ಟು ಜನ ಗಮನಿಸಿದರು ಅಂತ ಕೇಳಿದರೆ ತೊಟ್ಟವರು ಹೆಚ್ಚುಕಡಿಮೆ ಅರ್ಧದಷ್ಟು ಅನ್ನುತ್ತಿದ್ದರು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು ಜನ. 2000ದಲ್ಲಿ ಪ್ರಕಟವಾದ ಅಧ್ಯಯನ ಇದು.

ಹಾಗಂತ ಎಲ್ಲರೆದುರು ಎಲ್ಲವನ್ನೂ ಬಿಚ್ಚಿಡು ಅಂತ ನಾನು ಹೇಳುವುದಿಲ್ಲ. ನಮ್ಮ ಕೊರತೆ ಗೊತ್ತಾದರೆ ಅದನ್ನೇ ಹಿಡಿದು ಆಡಿಕೊಳ್ಳುವ ಜನ ಇದ್ದಾರೆ. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು ಮಾರ್ಕ್ ಕೇಳುವವರಿಗೆ ನೀನು ಎಂತ ಹೇಳಿದರೂ ನನ್ನ ಅಭ್ಯಂತರ ಇಲ್ಲ. ಆದರೆ ಸಹಾಯ ಮಾಡಲು ಆಗುವವರ ಹತ್ತಿರ ಮುಚ್ಚಿಟ್ಟರೆ ನಷ್ಟ ನಮಗೇ. ಪಿಂಚಣಿಯ ಮಸ್ಟರಿಂಗ್, ಅಂದರೆ ಬದುಕಿದ್ದೇವೆ ಅಂತ ದಾಖಲು ಮಾಡಿಸುವುದರ ಬಗ್ಗೆ ಒಬ್ಬರು ಅಜ್ಜಿಗೆ ಯಾರೋ ಮಲಯಾಳದಲ್ಲಿ ವಿವರಿಸಿದ್ದರಂತೆ. ಅರ್ಥವಾಗಲಿಲ್ಲ ಅನ್ನಲು ಸಂಕೋಚವಾಗಿ ತಲೆಯಾಡಿಸಿ ಬಂದರು. ತಾರೀಕು ದಾಟಿತು, ಪಿಂಚಣಿ ನಿಂತಿತು. ಔಷಧಿಗೆ ದುಡ್ಡಿಲ್ಲದೆ ನನ್ನ ಹತ್ತಿರ ಬಂದಾಗಲೂ ಅವರು ಮೊದಲು ಹೇಳಿದ್ದು "ನನಗೆ ಎಲ್ಲ ಗೊತ್ತಿತ್ತು, ಮರೆತುಹೋಯ್ತು" ಅಂತ. ಅವರನ್ನು ಕೂರಿಸಿ, ನೀರು ಕೊಟ್ಟು, ಮುಂದೆ ಎಂತ ಮಾಡಬೇಕು ಅಂತ ತುಳುವಿನಲ್ಲಿ ನಿಧಾನವಾಗಿ ಹೇಳಿದೆ. ಈಗ ಯಾವ ಕಾಗದ ಬಂದರೂ ಸೀದಾ ನನ್ನ ಹತ್ತಿರವೇ ತರುತ್ತಾರೆ. "ಇದು ಅರ್ಥ ಆಗುವುದಿಲ್ಲ" ಅಂತ ಕ್ಯೂನಲ್ಲಿ ನಿಂತೇ ಹೇಳುತ್ತಾರೆ.

ನಿನ್ನ ಕಾಲೇಜಿನಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ, ಮೇಡಂ ಇರಬಹುದು, ಸೀನಿಯರ್ ಇರಬಹುದು. ಇಂಗ್ಲಿಷು ತಪ್ಪಾದರೂ ಪರವಾಗಿಲ್ಲ, ಹೋಗಿ ಕೇಳು. ಸದ್ಯಕ್ಕೆ ಯಾರೂ ಸಿಗದಿದ್ದರೆ ನಾನಿದ್ದೇನೆ. ನಿನ್ನ ಗಣಿತ ನನಗೆ ಬರುವುದಿಲ್ಲ, ಆದರೂ ಭಾನುವಾರ ಫೋನ್ ಮಾಡಿದಾಗ ಯಾವ ಪಾಠದಿಂದ ಅರ್ಥವಾಗುವುದು ನಿಂತುಹೋಯ್ತು ಅಂತ ಹೇಳು. ಅಪ್ಪನಿಗೆ ಹೇಳಬೇಡ ಅಂದರೆ ಹೇಳುವುದಿಲ್ಲ. ಹಲಸಿನ ಹಪ್ಪಳ ಕಟ್ಟಿಟ್ಟಿದ್ದೇನೆ, ಅಲ್ಲಿಗೆ ಬರುವವರು ಯಾರಾದರೂ ಸಿಕ್ಕಿದರೆ ಕಳಿಸುತ್ತೇನೆ.

ನಿನ್ನ ಅಮ್ಮ