ಕಡೆದ ಕಂಬದ ಗೆರೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಕಳೆದ ಭಾನುವಾರ ನಮ್ಮ ಗದಗಿನಲ್ಲಿ ಇಷ್ಟು ವರ್ಷ ಮಾಡದ ಒಂದು ಕೆಲಸ ಮಾಡಿದೆ. ಹುಟ್ಟಿ ಬೆಳೆದ ಊರನ್ನು ಇನ್ನೊಬ್ಬರ ಹಿಂದೆ ನಡೆದು ನೋಡಿದೆ. ಇತಿಹಾಸ ಪಾಠ ಹೇಳಿ ನಿವೃತ್ತರಾದ ಮಾಸ್ತರರೊಬ್ಬರು ತಿಂಗಳಿಗೊಮ್ಮೆ ಹತ್ತಿಪ್ಪತ್ತು ಜನರನ್ನು ಕರೆದುಕೊಂಡು ಊರು ಸುತ್ತಿಸುತ್ತಾರೆ. ಶುಲ್ಕವಿಲ್ಲ. ಬೆಳಿಗ್ಗೆ ಆರೂವರೆಗೆ ತ್ರಿಕೂಟೇಶ್ವರನ ಗುಡಿಯ ಮುಂದೆ ಇರಬೇಕು, ನಡುವೆ ಮೊಬೈಲ್ ತೆಗೆಯಬಾರದು, ಇವೆರಡೇ ಕಟ್ಟುಪಾಡು.

ಅಂದು ನಮ್ಮ ಜೊತೆ ವೀರೇಶ್ವರ ಪುಣ್ಯಾಶ್ರಮದ ಒಬ್ಬ ಹುಡುಗ ಬಂದಿದ್ದ. ಹದಿನಾರೋ ಹದಿನೇಳೋ ವಯಸ್ಸು, ಹುಟ್ಟಿನಿಂದ ಕಣ್ಣಿಲ್ಲ, ಗಾಯನ ಕಲಿಯುತ್ತಿದ್ದಾನೆ. ನಾನು ಈ ಪತ್ರ ಬರೆಯಲು ಕೂತದ್ದೇ ಅವನ ಸಲುವಾಗಿ.

ತ್ರಿಕೂಟೇಶ್ವರನ ವಿಷಯ ನಿನಗೆ ಹೇಳಬೇಕಾಗಿಲ್ಲ. ಒಂದೇ ಪೀಠದ ಮೇಲಿನ ಆ ಮೂರು ಲಿಂಗಗಳಿಗೆ ಪ್ರತಿ ಪರೀಕ್ಷೆಯ ಮುಂಚೆ ನಾವಿಬ್ಬರೂ ಕೈ ಮುಗಿದವರು. ಅಲ್ಲಿಂದ ಅದೇ ಆವರಣದ ಸರಸ್ವತಿ ಗುಡಿಗೆ ಬಂದೆವು. ಒಳಗೆ ದೇವಿ ಕೈಗಳು ಮುರಿದು ಕೂತಿದ್ದಾಳೆ. ಪೂಜೆ ಇಲ್ಲ, ದೀಪವಿಲ್ಲ. ಆದರೂ ಆಕೆಯ ಕೊರಳಿನ ಹಾರದ ಒಂದೊಂದು ಮಣಿಯೂ ಎಣಿಸುವಷ್ಟು ಸ್ಪಷ್ಟವಾಗಿದೆ. ಮಂಟಪದ ಕಂಬಗಳನ್ನು ತೋರಿಸಿ ಮಾಸ್ತರರು ಕಲ್ಲಿನ ಮಾತು ತೆಗೆದರು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲಿನಲ್ಲಿ ಕಟ್ಟಿದರು. 11ನೆಯ ಶತಮಾನದ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಭಾಗದಲ್ಲಿ ಬಳಪದ ಕಲ್ಲಿಗೆ ತಿರುಗಿದರು. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಕೂದಲೆಳೆಯಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಆ ಕಲ್ಲಿನ ಗುಣದಿಂದ.

ಮಾಸ್ತರರು ಹುಡುಗನ ಕೈ ಹಿಡಿದು ಒಂದು ಕಂಬದ ಮೇಲಿಟ್ಟರು. ಅವನು ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಅಂಗೈಗಳಿಂದ ಕಂಬವನ್ನು ತಬ್ಬಿದ. ಆಮೇಲೆ ಬಲಗೈಯ ತೋರುಬೆರಳನ್ನು ಒಂದು ಗೆರೆಯಲ್ಲಿಟ್ಟು ಕಂಬದ ಸುತ್ತ ನಡೆದ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿಗೆ ನಿಂತು, "ಸರ್, ಈ ಗೆರೆ ಎಲ್ಲಿ ಶುರುವಾಗಿದೆ ಎಂದು ಬೆರಳಿಗೆ ಸಿಗುತ್ತಿಲ್ಲ" ಎಂದ.

ಮಾಸ್ತರರ ಮುಖ ಅರಳಿತು. "ಸಿಗುವುದಿಲ್ಲಪ್ಪ, ಅದಕ್ಕೆ ಶುರುವೇ ಇಲ್ಲ. ಉಳಿ ಕಂಬವನ್ನು ಸುತ್ತಲಿಲ್ಲ, ಕಂಬವೇ ಉಳಿಯ ಮುಂದೆ ತಿರುಗಿತು. ಬಡಿಗೇರರು ತೊಟ್ಟಿಲ ಕಾಲು ಕಡೆಯುತ್ತಾರಲ್ಲ, ಹಾಗೆ" ಎಂದರು.

ನಾವು ಅದೇ ಕಂಬಗಳ ಹಿಂದೆ ಕಣ್ಣಾಮುಚ್ಚಾಲೆ ಆಡಿದವರು. ನನ್ನ ಕೈ ಆ ಗೆರೆಗಳನ್ನು ಎಷ್ಟು ಸಲ ಮುಟ್ಟಿದೆಯೋ ಲೆಕ್ಕವಿಲ್ಲ. ಅಂದು ಕಣ್ಣು ಮುಚ್ಚಿ ನಾನೂ ಬೆರಳಿಟ್ಟು ಸುತ್ತಿದೆ. ಕಲ್ಲು ತಣ್ಣಗಿತ್ತು, ಎಣ್ಣೆ ಸವರಿದ ಹಾಗೆ ನುಣುಪು. ನಿಜವಾಗಿಯೂ ಗೆರೆಯ ತುದಿ ಸಿಗಲಿಲ್ಲ.

ಅಲ್ಲಿಂದ ವೀರನಾರಾಯಣನ ಗುಡಿಗೆ ನಡೆದೆವು. ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಕೋನೇರಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಇಲ್ಲಿನ ಕಂಬವೊಂದರ ಬಳಿ ಕೂರುತ್ತಿದ್ದ, ಬಟ್ಟೆ ಆರುವವರೆಗೆ ಪದ್ಯ ಹರಿಯುತ್ತಿತ್ತು ಎಂಬ ಊರಿನ ಮಾತನ್ನು ನಿಮ್ಮ ಅಜ್ಜಿಯೇ ನಮಗೆ ಹೇಳಿದ್ದಲ್ಲವೇ? ಆ ಕಂಬದ ಬಳಿ ಮಾಸ್ತರರು ಹೊಸದೊಂದು ಮಾತು ಹೇಳಿದರು. ಹಲಗೆ ಬಳಪ ಹಿಡಿಯದೆ ಕಾವ್ಯ ಕಟ್ಟುವುದೇ ತನ್ನ ಅಗ್ಗಳಿಕೆ ಎಂದು ಕುಮಾರವ್ಯಾಸ ಹೇಳಿಕೊಂಡದ್ದು ಬಳಪದ ಕಲ್ಲಿನಲ್ಲಿ ಗುಡಿ ಕಟ್ಟಿದ ಊರಿನಲ್ಲಿ! ಅವನ ಭಾರತ ಹತ್ತು ಪರ್ವ, ಉದ್ದಕ್ಕೂ ಭಾಮಿನಿ ಷಟ್ಪದಿ. ಹುಡುಗ ತಾನಾಗಿಯೇ ಒಂದು ಪದ್ಯ ಎತ್ತಿಕೊಂಡ. ಗಂಟೆ ಬಾರಿಸಲು ಕೈ ಎತ್ತಿದ್ದ ಹೆಂಗಸೊಬ್ಬಳು ಪದ್ಯ ಮುಗಿಯುವವರೆಗೆ ಹಗ್ಗ ಹಿಡಿದುಕೊಂಡೇ ನಿಂತಳು.

ಪೇಟೆಯಲ್ಲಿ ಬೇಗ ಸಾಗಿದೆವು. ಮುದ್ರಣ ಕಾಶಿ ಎಂದು ಹೆಸರಾದ ಊರಲ್ಲವೇ, ಭಾನುವಾರವೂ ಒಂದು ಓಣಿಯಲ್ಲಿ ಅಚ್ಚಿನ ಯಂತ್ರದ ಸದ್ದು ಕೇಳುತ್ತಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಬರೆದ ಹುಯಿಲಗೋಳ ನಾರಾಯಣರಾಯರು ವಕೀಲಿ ಮಾಡಿಕೊಂಡಿದ್ದದ್ದು ಇದೇ ಊರಿನಲ್ಲಿ. ನಿನ್ನ ತಾಯಿಯ ತವರು ಕಣಗಿನಹಾಳದ ಮಾತೂ ಬಂತು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರ ಸಹಕಾರಿ ಸಂಘ ಕಟ್ಟಿದ್ದನ್ನು ಮಾಸ್ತರರು ವಿವರಿಸುವಾಗ ನನ್ನ ಗೆಳೆಯನ ಸೋದರಮಾವನ ಊರು ಅದು ಎಂದು ಎಲ್ಲರ ನಡುವೆ ಹೇಳಿಬಿಟ್ಟೆ.

ಹತ್ತು ಗಂಟೆಗೆ ಮಿರ್ಚಿ, ಗಿರ್ಮಿಟ್, ಚಹಾ. ಅಲ್ಲಿ ಹುಡುಗನ ಪಕ್ಕ ಕೂತೆ. ಹಾನಗಲ್ ತಾಲೂಕಿನವನಂತೆ. "ನಮ್ಮ ಇಬ್ಬರು ಗವಾಯಿಗಳೂ ಆ ಕಡೆಯವರೇ" ಎಂದು ಅಭಿಮಾನದಿಂದ ಹೇಳಿದ. ಆಶ್ರಮ ನಡೆಸಿದ ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ಶಿಷ್ಯ ಪುಟ್ಟರಾಜರಿಗೂ ಇರಲಿಲ್ಲ. ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ದುಡಿದು, ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. 2010ರಲ್ಲಿ ಪುಟ್ಟರಾಜರು ತೀರಿಕೊಂಡ ದಿನ ರಸ್ತೆಯಲ್ಲಿ ನಿಂತ ಜನಸಾಗರ ನನಗೆ ನೆನಪಿದೆ. ನೀನು ಆಗಲೇ ಪುಣೆಗೆ ಹೋಗಿದ್ದೆ.

ಬಿಸಿಲೇರಿದ ಮೇಲೆ ಬಹಳಷ್ಟು ಜನ ಮನೆಗೆ ಹೋದರು. ಉಳಿದ ಆರು ಜನ ಬೆಟಗೇರಿಯ ವೀರಗಲ್ಲುಗಳ ಹತ್ತಿರ ಹೋದೆವು. ಆಳೆತ್ತರದ ಕಲ್ಲುಗಳು, ರಾಷ್ಟ್ರಕೂಟರ ಕಾಲದಷ್ಟು ಹಳೆಯವು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂದು ನನಗೆ ಗೊತ್ತೇ ಇರಲಿಲ್ಲ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಹುಡುಗ ಇಲ್ಲಿಯೂ ಕೆಳಗಿನಿಂದಲೇ ಬೆರಳಾಡಿಸಿದ. ಕುದುರೆ ಸಿಕ್ಕಿತು, ಗುರಾಣಿ ಸಿಕ್ಕಿತು. ವೀರನ ಮುಖವಿದ್ದ ಜಾಗಕ್ಕೆ ಬಂದಾಗ, "ಇಲ್ಲಿ ಸವೆದಿದೆ" ಎಂದು ಮೆಲ್ಲಗೆ ಹೇಳಿ ಕೈಯನ್ನು ಅಲ್ಲಿಯೇ ಸ್ವಲ್ಪ ಹೊತ್ತು ಇಟ್ಟುಕೊಂಡ.

ಇಂಥ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಬಟ್ಟೆ ಒಗೆಯುವ ಹಾಸುಗಲ್ಲಾಗಿ, ದನ ಕಟ್ಟುವ ಗೂಟವಾಗಿ ಬಿದ್ದಿರುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ನಮ್ಮ ಹೊಲದ ಬದುವಿನಲ್ಲಿ ಒರಗಿದ್ದ ಕಲ್ಲು ನೆನಪಿದೆಯೇ, ಕುಡುಗೋಲು ಮಸೆಯಲು ಬಳಸುತ್ತಿದ್ದೆವಲ್ಲ? ಮರುದಿನವೇ ಹೋಗಿ ಮಣ್ಣು ಕೆದರಿ ನೋಡಿದೆ. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನೊಬ್ಬನಿದ್ದಾನೆ. ತೊಳೆದು ನೆಟ್ಟಗೆ ನಿಲ್ಲಿಸಿದ್ದೇನೆ. ಮಾಸ್ತರರು ಬಂದು ನೋಡುತ್ತೇನೆ ಎಂದಿದ್ದಾರೆ.

ದೀಪಾವಳಿಗೆ ಬರುವಾಗ ಎರಡು ದಿನ ಹೆಚ್ಚು ರಜೆ ಹಾಕಿ ಬಾ. ಬೆಟಗೇರಿಯ ನೇಕಾರರ ಓಣಿಯನ್ನು ಮಾಸ್ತರರು ಮುಂದಿನ ನಡಿಗೆಗೆ ಇಟ್ಟುಕೊಂಡಿದ್ದಾರೆ. ನಿನ್ನ ಹೆಸರನ್ನೂ ಬರೆಸಿದ್ದೇನೆ.

ನಿನ್ನ,
ಗದಗಿನ ಗೆಳೆಯ